ಬಾಯಿಲ್ಲದವರ ಪಾಲು

ಕೊಪ್ಪಳದ ನಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸಲು ಶುರು ಮಾಡಿದರೆ ನನಗೆ ಸಂಕಟ ಶುರುವಾಗುತ್ತದೆ. ಹೊಟ್ಟೆಕಿಚ್ಚು ಅಂದುಕೊಂಡೀರಿ ಮತ್ತೆ! ಅವರು ನಾಲ್ಕು ಅಂತಸ್ತು ಕಟ್ಟಲಿ, ಬೇಕಾದರೆ ಮೇಲೊಂದು ಗೋಪುರ ಇಡಲಿ, ನನಗೇನು. ನನ್ನ ಸಂಕಟವೆಲ್ಲ ಅವರ ಬಾಗಿಲ ಮುಂದೆ ಟಿಪ್ಪರಿನವರು ಸುರುವಿ ಹೋಗುವ ಉಸುಕಿನದು. ಈಗೀಗ ಎಲ್ಲರೂ ಕಲ್ಲು ಅರೆದ ಪುಡಿಯನ್ನೇ ಉಸುಕೆಂದು ತರಿಸುತ್ತಾರೆ, ಅದಕ್ಕೆ ವಾಸನೆಯೂ ಇಲ್ಲ, ಜೀವವೂ ಇಲ್ಲ. ಆದರೆ ಅಪರೂಪಕ್ಕೊಮ್ಮೆ ಎಲ್ಲಿಂದಲೋ ನಿಜವಾದ ಹಳ್ಳದ ಉಸುಕು ಬರುತ್ತದೆ. ಹಗಲೆಲ್ಲ ಬಿಸಿಲಿಗೆ ಕಾದ ಆ ಗುಡ್ಡೆ ಗಾಳಿಗೆ ಹಾರದಿರಲೆಂದು ಸಂಜೆ ಗೌಂಡಿಗಳು ಪೈಪು ಹಿಡಿದು ನೀರು ಹೊಡೆಯುತ್ತಾರೆ. ಆಗ ಒಂದು ವಾಸನೆ ಏಳುತ್ತದೆ. ಮೊದಲ ಮಳೆಗೆ ಮಣ್ಣು ಬಿಡುವ ವಾಸನೆಯಲ್ಲ ಅದು; ಅದಕ್ಕಿಂತ ತಣ್ಣಗಿನದು, ತುಸು ಪಾಚಿಯದು, ತುಸು ತಾಮ್ರದ ಕೊಡದ ಒಳಗಿನದು. ಸಾಲೆ ಮುಗಿಸಿ ಬರುತ್ತಿರುವ ನಾನು ಕಾಯಿಪಲ್ಲೆ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಡುತ್ತೇನೆ. ಓಣಿಯವರು ಟೀಚರಮ್ಮನಿಗೆ ಏನಾಯಿತೆಂದು ನೋಡುತ್ತಾರೆ. ನೋಡಲಿ ಬಿಡಿ.

ನಾನು ಹುಟ್ಟಿದ್ದು ಮಂಗಳೂರಿನ ಹತ್ತಿರ. ಹಾಗೆಂದ ಕೂಡಲೇ ಜನ ಮೀನಿನ ಮಾತು ತೆಗೆಯುತ್ತಾರೆ. ನಮ್ಮದು ಮೀನಿನ ಮಂಗಳೂರಲ್ಲ, ಜೋಳದ ಮಂಗಳೂರು, ಯಲಬುರ್ಗಾ ಕಡೆಯದು. ಅಲ್ಲಿಂದ ಎರೆಹೊಲದ ದಾರಿ ಹಿಡಿದರೆ ನಮ್ಮ ಊರು, ಊರ ಬೆನ್ನಿಗೆ ಹಳ್ಳ, ಹಳ್ಳದ ಆಚೆ ಹುಲ್ಲಿನ ಬೋಳು ದಿನ್ನೆಗಳು. ನಮ್ಮದು ಮಣ್ಣಿನ ಮಾಳಿಗೆ ಮನೆ. ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುವ ಬಿಸಿಲಿನ ಕೋಲನ್ನು ನೋಡಿಯೇ ಅವ್ವ ರೊಟ್ಟಿಗೆ ಹೆಂಚಿಡುತ್ತಿದ್ದಳು. ಅಪ್ಪ, ಅವ್ವ, ಕಾಕಾ, ನಾವು ಮಕ್ಕಳು, ಎಲ್ಲರ ಮೇಲೆ ಅಮ್ಮ. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿಯೇ ಅಮ್ಮ. ಅಪ್ಪನನ್ನು ಹೆತ್ತ ಈ ಅಮ್ಮ ಎತ್ತರದ ಹೆಂಗಸು, ಮೊಳಕೈವರೆಗೆ ಹಚ್ಚೆ, ಮೂಗಿನ ತುದಿಯಲ್ಲಿ ಸಿಟ್ಟು. ಕೈ ಭಾರಿ ಬಿಗಿ. ನೆಲಕ್ಕೆ ಬಿದ್ದ ಜೋಳದ ಕಾಳನ್ನು ದಾಟಿ ಹೋದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಅಂಥ ಜಿಪುಣಿ ಒಂದೇ ಒಂದು ವಿಷಯದಲ್ಲಿ ದೊಡ್ಡ ದಾನಿಯಾಗಿದ್ದಳು, ಅದೂ ಬೇಸಿಗೆಯ ನೀರಿನ ವಿಷಯದಲ್ಲಿ!

ಯುಗಾದಿ ಕಳೆಯುವ ಹೊತ್ತಿಗೆ ಹಳ್ಳದ ಹರಿವು ನಿಲ್ಲುತ್ತಿತ್ತು. ಕಣ್ಣಿಗೆ ಕಾಣುವುದೆಲ್ಲ ಬಿಳಿ ಉಸುಕು. ಆದರೆ ನೀರು ಸತ್ತಿರುತ್ತಿರಲಿಲ್ಲ, ಉಸುಕಿನ ಹೊಟ್ಟೆಯೊಳಗೆ ಮಲಗಿರುತ್ತಿತ್ತು. ಅಮ್ಮ ನಸುಕಿನಲ್ಲಿ ಬರಿಗಾಲಲ್ಲಿ ಹಳ್ಳದುದ್ದಕ್ಕೂ ನಡೆದು, ಅಂಗಾಲಿಗೆ ತಂಪು ಹತ್ತಿದ ಕಡೆ ಕೂತು ತೋಡುತ್ತಿದ್ದಳು. ಹೀಗೆ ಉಸುಕಿನಲ್ಲಿ ತೋಡಿದ ನೀರಿನ ಗುಂಡಿಗೆ ನಮ್ಮಲ್ಲಿ ವರ್ತಿ ಅನ್ನುತ್ತಾರೆ. ಊರಿನ ಒಂದೊಂದು ಮನೆಗೂ ಒಂದೊಂದು ವರ್ತಿ. ಮೊದಲು ರಾಡಿ ಬರುತ್ತಿತ್ತು, ಅದನ್ನು ತೆಂಗಿನ ಚಿಪ್ಪಿನಿಂದ ತೋಡಿ ತೋಡಿ ಚೆಲ್ಲಿದ ಮೇಲೆ ತಳದಿಂದ ತಿಳಿನೀರು ಸದ್ದಿಲ್ಲದೆ ಏರುತ್ತಿತ್ತು. ಆ ನೀರಿನಲ್ಲಿ ನಮ್ಮ ಮುಖ ಕಾಣುತ್ತಲೇ ನಾವು ಕೊಡ ಮುಂದೆ ಮಾಡುತ್ತಿದ್ದೆವು. ಅಮ್ಮ ಕೈ ಸರಿಸಿಬಿಡುತ್ತಿದ್ದಳು. ವರ್ತಿಯ ಇಳಿಜಾರಿಗೆ ಅಗಲವಾದ ಒಂದು ತಗ್ಗು, ಅಂಚೇ ಇಲ್ಲದ ಪರಾತದಂಥದು, ಅಂಗೈಯಿಂದ ನುಣ್ಣಗೆ ತಟ್ಟಿ ಮಾಡುತ್ತಿದ್ದಳು. ಮೊದಲ ತಿಳಿನೀರು ಅದಕ್ಕೆ. ಕೆಳಗಿನ ಉಸುಕು ನೀರುಂಡು ತುಂಬಿರುತ್ತಿದ್ದುದರಿಂದ ಸುರಿದ ನೀರು ಇಂಗದೆ ಹಾಗೇ ನಿಲ್ಲುತ್ತಿತ್ತು. ಅದು ಬಾಯಿಲ್ಲದವರ ಪಾಲು, ದಿನ್ನೆಯ ಮೇಲಿನ ಪ್ರಾಣಿಗಳದು. ನಮ್ಮ ಕೊಡ ತುಂಬುವುದು ಆಮೇಲೆ. ಸಂಜೆ ವರ್ತಿಗೆ ಜಾಲಿಮುಳ್ಳು ಮುಚ್ಚುವಾಗ ಆ ತಗ್ಗನ್ನು ಮತ್ತೆ ತುಂಬಿ, ತೆರೆದೇ ಬಿಟ್ಟು ಬರುತ್ತಿದ್ದೆವು.

"ಅವಕ್ಕ ಬಾಯಿಲ್ಲ. ಇದ್ದಿದ್ರ ಮನಿ ಬಾಗಿಲಿಗೆ ಬಂದು ಕೇಳ್ತಿದ್ವು. ಕೇಳಾಕ ಬರದವರಿಗೆ ಮೊದಲ ಕೊಡಬೇಕು," ಅನ್ನುತ್ತಿದ್ದಳು ಅಮ್ಮ.

ಮರುದಿನದ ನಸುಕು ನಮಗೆ ಹಬ್ಬ. ತಗ್ಗಿನ ಸುತ್ತಲಿನ ಹಸಿ ಉಸುಕನ್ನು ಅಮ್ಮ ಸಂಜೆಯೇ ಸೆರಗಿನಿಂದ ಸಮ ಮಾಡಿ ಬಂದಿರುತ್ತಿದ್ದಳು. ಅವಳು ನೋಡಿ ಮುಗಿಸುವ ತನಕ ಯಾರೂ ಅದರ ಮೇಲೆ ಕಾಲಿಡುವಂತಿಲ್ಲ. ಕುಕ್ಕರುಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿ, ಹೆಜ್ಜೆಯಿಂದ ಹೆಜ್ಜೆಗೆ ಬೆರಳು ಸರಿಸುತ್ತ ಹೋಗುವಳು. "ನಮ್ಮವ್ವ ಪೇಪರ್ ಓದಾಕ ಕುಂತಾಳ, ಯಾರೂ ಗದ್ದಲ ಮಾಡಬ್ಯಾಡ್ರಿ," ಎಂದು ಕಾಕಾ ನಗೆ ಮಾಡುತ್ತಿದ್ದ. ಅಮ್ಮ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ನರಿ ಬಂದೈತಿ, ಅವಸರದಾಗ ಇತ್ತು, ಅರ್ಧಾ ಕುಡಿದು ಹೋಗೈತಿ. ಇಲ್ಲಿ ಕೌಜುಗ ಸಂಸಾರ ಕಟಗೊಂಡು ಬಂದೈತಿ. ಈ ಮೊಲ ನೋಡ್ರಿ, ನೀರಿನ ತನಕ ಬಂದು ಬಂದು ಹಿಂದ ಓಡೈತಿ, ಅಂಜುಬುರುಕ, ಥೇಟ್ ನಮ್ಮ ಶಂಕ್ರಿ." ಶಂಕ್ರಿ ಅಂದರೆ ನಾನೇ. ಎಲ್ಲರೂ ನಗುತ್ತಿದ್ದರು, ನಾನು ಮುಖ ಊದಿಸಿಕೊಳ್ಳುತ್ತಿದ್ದೆ, ಮೊಲದ ಹೆಜ್ಜೆಯ ಮೇಲೆ ಮಾತ್ರ ಎಲ್ಲಿಲ್ಲದ ಪ್ರೀತಿ ಬರುತ್ತಿತ್ತು. ಕೆಲವು ಮುಂಜಾನೆ ಚಿಗರಿಯ ಗೊರಸು, ನವಿಲಿನ ಉದ್ದ ಬೆರಳು, ಹಾವು ಎಳೆದ ಗೀರು. ಮತ್ತು ಕುಂಟ. ಕುಂಟ ಅಂದರೆ ಒಂದು ತೋಳ. ಅವನ ಮುಂಗಾಲೊಂದು ಉಸುಕಿನಲ್ಲಿ ಮೂಡುತ್ತಿರಲಿಲ್ಲ, ಎಳೆದ ಗೆರೆ ಮಾತ್ರ ಬೀಳುತ್ತಿತ್ತು. ಅವನನ್ನು ನಮ್ಮ ಮನೆಯಲ್ಲಿ ಯಾರೂ ಕಣ್ಣಾರೆ ನೋಡಿದವರಲ್ಲ. ಆದರೂ ಅವನು ಮನೆಯವನೇ ಆಗಿಹೋಗಿದ್ದ. ಒಮ್ಮೆ ಕೆಲವು ದಿನ ಅವನ ಗೆರೆ ಕಾಣದೆ ನಾನು ಅಳುಮೋರೆ ಮಾಡಿದಾಗ ಅಮ್ಮ, "ಏ ಹುಚ್ಚಿ, ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬರ್ತಾನ ತಡಿ," ಎಂದಳು. ಬಂದ. ಆ ಮುಂಜಾನೆ ನಾನು ಮನೆಯ ತನಕ ಕುಣಿಯುತ್ತ ಹೋಗಿ ಕೊಡದ ನೀರೆಲ್ಲ ಮೈಮೇಲೆ ಚೆಲ್ಲಿಕೊಂಡು ಅವ್ವನಿಂದ ಬೈಸಿಕೊಂಡೆ.

ಎಲ್ಲರಿಗೂ ಇದು ಸರಿ ಬರುತ್ತಿತ್ತು ಅಂತಲ್ಲ. ಒಂದು ಕೆಟ್ಟ ಬೇಸಿಗೆಯಲ್ಲಿ ವರ್ತಿಗಳಿಗೆ ನೀರು ಹನಿಹನಿಯಾಗಿ ಬರುತ್ತಿತ್ತು, ಒಂದು ಕೊಡ ತುಂಬಲು ಬಿಸಿಲು ನೆತ್ತಿಗೇರುತ್ತಿತ್ತು. ಪಕ್ಕದ ಮನೆಯ ಗಂಗವ್ವನ ವರ್ತಿ ಪೂರಾ ಒಣಗಿತ್ತು. ಅವಳು ನಮ್ಮ ತಗ್ಗಿನ ನೀರು ನೋಡಿ ಕೆಂಡವಾದಳು. "ನನ್ನ ಹುಡುಗರ ಬಾಯಿ ಒಣಗ್ಯಾವ, ನೀ ನೋಡಿದ್ರ ತ್ವಾಳಕ್ಕ ನೀರು ಇಟ್ಟೀಯಲ್ಲ ಯಕ್ಕಾ, ನಿನ್ನ ತಲಿ ನೆಟ್ಟಗೈತೇನು?" ಅಮ್ಮನ ಸಿಟ್ಟು ಬಲ್ಲ ನಾವು ಈಗ ಮಹಾಭಾರತ ನಡೆಯುತ್ತದೆ ಎಂದು ಕಾದೆವು. ಆದರೆ ಅಮ್ಮ ಅಷ್ಟು ಹೊತ್ತು ಕೂತು ತುಂಬಿದ ತನ್ನ ಕೊಡವನ್ನೆತ್ತಿ ಗಂಗವ್ವನ ಸೊಂಟಕ್ಕಿಟ್ಟು, ಅವಳ ಖಾಲಿ ಕೊಡ ತಾನು ತೆಗೆದುಕೊಂಡು ಮನೆಗೆ ಬಂದಳು. ತಗ್ಗಿನ ನೀರು ತಗ್ಗಿನಲ್ಲೇ ಉಳಿಯಿತು. ಆ ಮಧ್ಯಾಹ್ನ ಅವ್ವ ಗೊಣಗುತ್ತಲೇ ಮಜ್ಜಿಗೆಯಲ್ಲಿ ಹಿಟ್ಟು ಕಲಸಿ ರೊಟ್ಟಿ ಬಡಿದಳು. ಹುಳಿ ರೊಟ್ಟಿ ತಿನ್ನುತ್ತ ಅಮ್ಮ ನಮ್ಮನ್ನೆಲ್ಲ ಒಮ್ಮೆ ನೋಡಿ, "ನಾ ಹೋದಮ್ಯಾಲೂ ಅವರ ಪಾಲು ತಪ್ಪಿಸಬ್ಯಾಡ್ರಿ," ಎಂದಳು. ಅಪ್ಪ ಹೂಂ ಅಂದ. ಕಾಕಾ ಹೂಂ ಅಂದ. ಬಾಯಿ ತುಂಬ ರೊಟ್ಟಿ ಇದ್ದ ನಾನೂ ಹೂಂ ಅಂದೆ.

ಆಮೇಲೆ ಊರಿಗೆ ನಳ ಬಂತು. ಬಂದದ್ದು ಒಳ್ಳೆಯದೇ ಆಯಿತು, ಸುಳ್ಳು ಯಾಕೆ ಹೇಳಲಿ, ಅವ್ವನ ಸೊಂಟ ಉಳಿಯಿತು. ಒಬ್ಬೊಬ್ಬರಾಗಿ ವರ್ತಿ ತೋಡುವುದು ಬಿಟ್ಟರು. ಅಮ್ಮ ಒಬ್ಬಳೇ ಬಿಡಲಿಲ್ಲ. ನಾನು ಓದಲು ಕೊಪ್ಪಳ ಸೇರಿದ ವರ್ಷ ನಮ್ಮ ಮಾಳಿಗೆ ಸೋರಿ ಸೋರಿ ಒಂದು ಗೋಡೆ ಕುಸಿಯಿತು, ಸಿಮೆಂಟಿನ ಮನೆ ಕಟ್ಟುವುದೆಂದಾಯಿತು. ಉಸುಕು ಎಲ್ಲಿಂದ? ಹಳ್ಳ ಬೆನ್ನಿಗೇ ಇತ್ತಲ್ಲ. ಕಾಕಾ ಹಿಂಜರಿಯುತ್ತ ಅಮ್ಮನನ್ನು ಕೇಳಿದ. ಅಮ್ಮ ನಿಂತ ನಿಲುವಿನಲ್ಲೇ ಒಪ್ಪಿದಳು. "ಒಂದ ಮನಿಗಾಗುವಷ್ಟ ತಗೊಳ್ರಿ. ಹಳ್ಳ ಮುಂದಿನ ಮಳಿಗೆ ಮತ್ತ ಹಡೀತೈತಿ." ಇದು ಅವಳೊಬ್ಬಳ ನಂಬಿಕೆಯಲ್ಲ, ನಮ್ಮ ಇಡೀ ಊರಿನದು. ಹಳ್ಳ ಪ್ರತಿ ಮಳೆಗೆ ಉಸುಕನ್ನು ಹಡೆಯುತ್ತದೆ, ಬಾಣಂತಿಯ ಎದೆಹಾಲಿನಂತೆ ತೆಗೆದಷ್ಟೂ ಬರುತ್ತದೆ ಎಂದೇ ಎಲ್ಲರ ಲೆಕ್ಕ. ಹಾಗಾಗಿ ಪ್ರತಿ ಮನೆಯವರೂ ಒಂದೇ ಮನೆಗಾಗುವಷ್ಟು ತೆಗೆದರು. ಟ್ರ್ಯಾಕ್ಟರಿನ ಗಾಲಿ ಇಳಿಯಲು ದಾರಿಯಾದ ಮೇಲೆ ಹೊರಗಿನ ಟಿಪ್ಪರುಗಳೂ ಅದೇ ದಾರಿಯಲ್ಲಿ ಇಳಿದವು. ಯಾರು ಯಾರನ್ನು ಕೇಳಬೇಕು? ಮಳೆ ಬಂತು, ಹಳ್ಳ ಕೆಂಪಾಗಿ ಹರಿಯಿತು, ಇಳಿಯಿತು. ಉಸುಕು ಬರಲಿಲ್ಲ. ಮೇಲಿನ ಊರಿನವರೂ ತಮ್ಮ ತಮ್ಮ ಮನೆಗೆ ಆಗುವಷ್ಟು ತೆಗೆದಿದ್ದರು.

ರಜೆಗೆ ಬಂದಾಗ ನಾನು ಅಮ್ಮನ ಜೊತೆ ಹಳ್ಳಕ್ಕೆ ಹೋದೆ. ಅಲ್ಲಿ ಗರಸು ನೆಲ ಹಲ್ಲು ಕಿಸಿದುಕೊಂಡು ಬಿದ್ದಿತ್ತು. ಅಮ್ಮ ಹಳೆಯ ಜಾಗ ಹುಡುಕಿ ಕಳೆ ತೆಗೆಯುವ ಕುರ್ಚಿಗೆಯಿಂದ ಕೆದಕಿದಳು, ಬೆಂಕಿ ಕಿಡಿ ಬರುವುದೊಂದು ಬಾಕಿ. ನಳದ ನೀರು ಹೊತ್ತು ತಂದು ತಗ್ಗಿಗೆ ಸುರಿದಳು, ನೋಡನೋಡುತ್ತ ಆರಿಹೋಯಿತು. ಕೊನೆಗೆ ದನ ನೀರು ಕುಡಿಯುವ ಕಲ್ಲಿನ ಬಾನಿಯನ್ನು ಕಾಕಾನಿಂದ ಹೊರಿಸಿ ದಂಡೆಗೆ ಇಡಿಸಿದಳು. ಆ ವಯಸ್ಸಿನಲ್ಲಿ, ಆ ಮೊಣಕಾಲಿನಲ್ಲಿ, ದಿನಾ ಸಂಜೆ ಕೊಡ ಹೊತ್ತು ಹೋಗಿ ತುಂಬಿ ಬರುತ್ತಿದ್ದಳು. ಮುಂಜಾನೆ ಹೋಗಿ ಬಾನಿಯ ಸುತ್ತ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಕಲ್ಲಿನಂಥ ನೆಲದಲ್ಲಿ ಯಾವ ಹೆಜ್ಜೆ ಮೂಡೀತು? "ಏನೂ ಓದಾಕ ಬರವಲ್ದು ಶಂಕ್ರಿ. ಬಂದ್ವೋ ಇಲ್ಲೋ, ಒಂದೂ ತಿಳೀವಲ್ದು," ಎಂದಾಗ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಮ್ಮನ ಮಾತಿನಲ್ಲಿ ಸಿಟ್ಟು ಇಲ್ಲದ್ದನ್ನು ನಾನು ಕೇಳಿದ್ದು ಅದೇ ಮೊದಲು, ನನಗೆ ಅಂಜಿಕೆಯಾಯಿತು.

ಅವಳು ಹಾಸಿಗೆ ಹಿಡಿದ ಬೇಸಿಗೆಯಲ್ಲಿ ಬಾನಿ ತುಂಬುವ ಕೆಲಸ ನನ್ನದಾಯಿತು. ಹೊಸ ಸಿಮೆಂಟಿನ ಮನೆಯ ಪಡಸಾಲೆಯಲ್ಲಿ, ಬೆಳಕಿಂಡಿ ಇಲ್ಲದ ಆ ಮಾಡಿನ ಕೆಳಗೆ ಮಲಗಿದ್ದ ಅಮ್ಮ ಒಂದು ಮುಂಜಾನೆ ನನ್ನ ಕೈ ಹಿಡಿದು ಕೇಳಿದಳು, "ನೀರು ಕುಡಿದಾವೇನು?"

"ಕುಡಿದಾವ ಅಮ್ಮ."

"ಹೆಂಗ ಗೊತ್ತಾತು?"

ಬಾನಿಯ ನೀರು ಇಳಿದದ್ದು ನಿಜ, ಆದರೆ ಆ ಬಿಸಿಲಿಗೆ ಇಳಿಯದೆ ಏನಾದೀತು. ನರಿ ಬಂದಿತ್ತು ಅನ್ನಲೇ, ಮೊಲ ಅನ್ನಲೇ, ಯಾವ ಬಾಯಿಂದ ಅನ್ನಲಿ. ಅಮ್ಮ ನನ್ನ ಮುಖವನ್ನೇ ನೋಡಿದಳು, ಕೈ ಬಿಟ್ಟಳು, ಗೋಡೆಯ ಕಡೆ ಹೊರಳಿದಳು. ಅವಳು ಹೊರಳಿದ ಆ ಗೋಡೆಯಲ್ಲೇ ನಮ್ಮ ವರ್ತಿಯ ಉಸುಕು ಇತ್ತು. ಅದೇ ವಾರ ಹೋಗಿಬಿಟ್ಟಳು.

ಹೋದ ಬೇಸಿಗೆಯಲ್ಲಿ ನಮ್ಮೂರಿನ ಹುಡುಗರು ಸೇರಿ ಹಳ್ಳದ ದಂಡೆಯಲ್ಲಿ ಕಾಡುಪ್ರಾಣಿಗಳಿಗೆಂದು ಸಿಮೆಂಟಿನ ತೊಟ್ಟಿ ಕಟ್ಟಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಯಾರಾದರೂ ನಗಬಹುದು, ನನಗೆ ನಗಲು ಆಗಲಿಲ್ಲ. ಪಾಪ, ಒಳ್ಳೆಯ ಹುಡುಗರು, ಕೈಯಿಂದ ಖರ್ಚು ಮಾಡಿ ಟ್ಯಾಂಕರಿನಲ್ಲಿ ನೀರು ತುಂಬಿಸುತ್ತಾರೆ. ನಾನು ನನ್ನ ಸಾಲೆಯ ಮಕ್ಕಳನ್ನು ಒಂದು ಮುಂಜಾನೆ ಅಲ್ಲಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕುಂಟನ ಕತೆ, ಅಂಜುಬುರುಕ ಮೊಲದ ಕತೆ ಹೇಳಿದೆ. ಮಕ್ಕಳು ದಿನ್ನೆ ಏರಿದರು, ಹುಲ್ಲು ಮುಟ್ಟಿದರು, ಟಿಟ್ಟಿಭ ಹಕ್ಕಿಯ ಕೂಗಿಗೆ ತಾವೂ ಕೂಗಿದರು. ಆಮೇಲೆ ತೊಟ್ಟಿಯ ಸುತ್ತ ಕುಕ್ಕರುಗಾಲಲ್ಲಿ ಕೂತು ನಾನು ಹೇಳಿದಂತೆಯೇ ನೆಲದ ಮೇಲೆ ಬೆರಳು ಸರಿಸಿದರು. ಗಟ್ಟಿ ಗರಸು. ಒಂದು ಹುಡುಗಿ ತಲೆಯೆತ್ತಿ ಕೇಳಿದಳು, "ಟೀಚರ್, ಅವು ಬಂದಿದ್ವು ಅಂತ ಹೆಂಗ ಗೊತ್ತಾಗ್ತೈತ್ರಿ?"

ಅಯ್ಯ ಶಿವನೇ. ಎಲ್ಲ ಬಿಟ್ಟು ಅದೇ ಪ್ರಶ್ನೆ! ಬಿಸಿಲು ಏರಿತು, ನಡೀರಿ ಎಂದು ಮಕ್ಕಳನ್ನು ಎಬ್ಬಿಸಿದೆ. ಆ ದಿನ್ನೆಯ ಮೇಲೆ ಈಗ ತೋಳ ಇದೆಯೋ ಇಲ್ಲವೋ ನನಗೆ ತಿಳಿಯದು. ಇದ್ದರೆ ಬಾಯಾರಿದೆಯೋ ಕುಡಿದಿದೆಯೋ ಅದೂ ತಿಳಿಯದು. ಪಾಲು ಇಡುತ್ತಲೇ ಇದ್ದೇವೆ, ಮುಟ್ಟಿತು ಎಂದು ಹೇಳುವವರು ಇಲ್ಲ.

ನಿನ್ನೆ ಸಂಜೆ ನಮ್ಮ ಎದುರು ಮನೆಗೆ ಹಳ್ಳದ ಉಸುಕು ಬಂತು. ಇವತ್ತು ಮುಂಜಾನೆ ಸಾಲೆಗೆ ಹೊರಟವಳು ಅದರ ಮುಂದೆ ನಿಂತೆ. ಹಸಿ ಗುಡ್ಡೆಯ ಮೇಲೆ ನಾಯಿಯೊಂದು ಏರಿ ಇಳಿದಿತ್ತು, ಗುಬ್ಬಿಗಳು ಕುಣಿದಿದ್ದವು, ಒಂದು ಬೆಕ್ಕು ಅರ್ಧಕ್ಕೆ ಬಂದು ಹಿಂದೆ ಓಡಿತ್ತು. ಎಷ್ಟೋ ವರ್ಷದ ಮೇಲೆ ಓದಲು ಬಂತು. ಚೀಲ ಕೆಳಗಿಟ್ಟೆ. ಬುಡದಲ್ಲಿ ಕೂತು ಅಂಗೈಯಿಂದ ಒಂದು ಅಗಲ ತಗ್ಗು ತಟ್ಟಿದೆ, ಅಂಚಿಲ್ಲದಂತೆ, ನುಣ್ಣಗೆ. ಬಾಟಲಿಯ ನೀರನ್ನೆಲ್ಲ ಅದಕ್ಕೆ ಸುರಿದೆ. ಸುಯ್ಯೆಂದು ಒಳಗೆ ಹೋಯಿತು. ಸಲಿಕೆ ಹಿಡಿದು ಬಂದ ಗೌಂಡಿ ಬಗ್ಗಿ ತಗ್ಗನ್ನು ನೋಡಿದ.

"ಉಸುಕಿನಾಗ ನೀರು ನಿಂದ್ರಂಗಿಲ್ರೀ ಅಕ್ಕಾರ," ಎಂದ.

"ನಿಂದ್ರತಿತ್ತಪ್ಪ," ಎಂದೆ. "ಮೊದಲ ನಿಂದ್ರತಿತ್ತು."

ಅವನು ನಾನು ಏಳುವ ತನಕ ಕಾದು, ಆಮೇಲೆ ಆ ತಗ್ಗಿದ್ದ ಕಡೆಯಿಂದಲೇ ಸಲಿಕೆ ಹಾಕಿದ.