ನಮ್ಮ ಎದೆಯ ಚಿತ್ರ ತೆಗೆದವರು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಎಕ್ಸ್‌ರೇ ಫಿಲ್ಮುಗಳನ್ನು ಕತ್ತಲೆಕೋಣೆಯಲ್ಲಿ ಔಷಧದ ನೀರಿಗೆ ಅದ್ದಿ ಅದ್ದಿ ತೊಳೆದ ಕಾಲದಲ್ಲಿ ಚರ್ಮ ಸವೆದು ನುಣುಪಾಗಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. “ಆ ಮಿಷನ್ ಪ್ರಕಾರ ನಾನು ಹುಟ್ಟೇ ಇಲ್ಲ ಕಣಪ್ಪ” ಎಂದು ನಗುತ್ತಿದ್ದರು.

ಚಳ್ಳಕೆರೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಅವರನ್ನು ಎಲ್ಲರೂ ‘ಎಕ್ಸ್‌ರೇ ಸಾರ್’ ಎನ್ನುತ್ತಿದ್ದರು. ನಾನು ಅವರನ್ನು ಮೊದಲು ಕಂಡದ್ದು ತಿಪ್ಪಣ್ಣನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ ದಿನ.

ಆಗ ನಾನು ಬಿ.ಎಸ್ಸಿ. ಮುಗಿಸಿ ಮೊಳಕಾಲ್ಮೂರು ಕಡೆಯ ಒಂದು ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಗಾಜಿನ ಕಾರ್ಖಾನೆಗಳಿಗೆ ಬೆಣಚುಕಲ್ಲನ್ನು ಹಿಟ್ಟಿನಂತೆ ಪುಡಿ ಮಾಡಿ ಕಳಿಸುವ ಮಿಲ್ಲು. ತಿಪ್ಪಣ್ಣ ಏಳು ವರ್ಷದಿಂದ ಅಲ್ಲಿ ಚೀಲ ತುಂಬುತ್ತಿದ್ದ. ಸಂಜೆ ಶೆಡ್ಡಿನ ತಗಡಿನ ತೂತುಗಳಿಂದ ಬಿಸಿಲು ಬಿದ್ದರೆ ಗಾಳಿಯೆಲ್ಲ ಮಿನುಗುತ್ತಿತ್ತು. ಚೆಂದ ಕಂಡು ಫೋಟೊ ಕೂಡ ತೆಗೆದಿದ್ದೆ. ಆ ಫೋಟೊ ಇನ್ನೂ ಫೋನಿನಲ್ಲಿದೆ. ನೋಡಿದಾಗಲೆಲ್ಲ ನಾನು ಅಲ್ಲಿ ನಿಂತು ಎಷ್ಟು ಆರಾಮಾಗಿ ಉಸಿರೆಳೆಯುತ್ತಿದ್ದೆ ಎಂಬುದು ನೆನಪಾಗುತ್ತದೆ.

ಕೆಲಸ ಬಿಡುವ ಹೊತ್ತಿಗೆ ಪ್ರತಿಯೊಬ್ಬರಿಗೂ ಒಂದು ತುಂಡು ಬೆಲ್ಲ ಹಂಚುವುದು ನನ್ನ ಪಾಲಿನ ಕೆಲಸ. ಬೆಲ್ಲ ತಿಂದರೆ ಎದೆಯೊಳಗಿನ ಧೂಳು ಇಳಿದುಹೋಗುತ್ತದೆ ಎಂದು ಮಾಲೀಕರು ನಂಬಿದ್ದರು, ಕೂಲಿಯವರು ನಂಬಿದ್ದರು. ಮೂರು ವರ್ಷ ವಿಜ್ಞಾನ ಓದಿದ ನಾನೂ ನಂಬಿದ್ದೆ.

ತಿಪ್ಪಣ್ಣ ಎರಡು ಸಲ ಟಿ.ಬಿ. ಮಾತ್ರೆ ನುಂಗಿ ಮುಗಿಸಿದ್ದರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ.

“ಏನು ಕೆಲ್ಸ ಮಾಡ್ತೀಯಪ್ಪ?” ಎಂದರು ಸಾರ್.

“ಕೂಲಿ ರೀ.”

“ಕೂಲಿ ಅಂದ್ರೆ? ಹೂವು ಕೀಳ್ತೀಯೋ, ಕಲ್ಲು ಒಡಿತೀಯೋ?”

“ಬಿಳಿಕಲ್ಲಿನ ಪುಡಿ ಚೀಲಕ್ಕೆ ತುಂಬ್ತೀನ್ರಿ.”

“ಇದನ್ನ ಡಾಕ್ಟ್ರಿಗೆ ಹೇಳಿದ್ಯೇನು?”

“ಕೂಲಿ ಅಂತ ಹೇಳಿದ್ದೆ ರೀ.” ಆಮೇಲೆ ತಿಪ್ಪಣ್ಣ ಹೆಮ್ಮೆಯಿಂದ ಸೇರಿಸಿದ: “ದಿನಾ ಬೆಲ್ಲ ತಿಂತೀವ್ರಿ. ಈ ಸೂಪರ್‌ವೈಸರಪ್ಪನೇ ಕೈಯಾರೆ ಕೊಡ್ತಾನೆ.”

ಸಾರ್ ನನ್ನ ಕಡೆ ತಿರುಗಿದರು. “ಬೆಲ್ಲ ಹೊಟ್ಟೆಗೆ ಹೋಗ್ತೈತೆ. ಧೂಳು ಎಲ್ಲಿಗೆ ಹೋಗ್ತೈತೆ? ಓದಿದೋನು ನೀನು, ಹೇಳು.”

ಆಮೇಲೆ ತಿಪ್ಪಣ್ಣನನ್ನು ಒಳಗೆ ನಿಲ್ಲಿಸಿ ಚಿತ್ರ ತೆಗೆದರು.

ತಿಪ್ಪಣ್ಣನ ಫಿಲ್ಮನ್ನು ಕಿಟಕಿಗೆ ಹಿಡಿದರು. ಎರಡೂ ಕಡೆ, ಮೇಲ್ಭಾಗದಲ್ಲಿ, ರಾಗಿ ಚೆಲ್ಲಿದಂತೆ ಚುಕ್ಕೆಗಳು. “ಓದೋದು ಡಾಕ್ಟ್ರ ಕೆಲ್ಸ, ತೆಗಿಯೋದಷ್ಟೇ ನಂದು” ಎನ್ನುತ್ತಲೇ ಕವರಿನ ಮೇಲೆ ‘ಬೆಣಚುಕಲ್ಲಿನ ಪುಡಿ, ಏಳು ವರ್ಷ’ ಎಂದು ದಪ್ಪಕ್ಷರದಲ್ಲಿ ಬರೆದರು. ಮತ್ತೆ ನನಗೆ, “ಪಕ್ಕದ ರೂಮಿನ ಡಾಕ್ಟ್ರತ್ರ ನಿಂಗೂ ಒಂದು ಚೀಟಿ ಬರೆಸ್ಕೊಂಡು ಬಂದು ಅಂಗಿ ಬಿಚ್ಚು.”

“ನನಗ್ಯಾಕ್ರಿ? ನಾನು ಸೂಪರ್‌ವೈಸರ್.”

“ಲೇ, ಧೂಳು ನಿನ್ನ ಡಿಗ್ರಿ ಸರ್ಟಿಫಿಕೇಟ್ ನೋಡಿ ವಾಪಸ್ ಹೋಗ್ತೈತೇನಲೇ?”

ನನ್ನ ಫಿಲ್ಮು ಶುಭ್ರವಾಗಿತ್ತು. ಡಾಕ್ಟರೂ ಹಾಗೇ ಹೇಳಿದರು. ಸಾರ್ ಮಾತ್ರ ನಗಲಿಲ್ಲ. “ಇವತ್ತು ಕಾಣ್ತಿಲ್ಲ. ಕಾಣೋವರ್ಗೂ ಕಾಯ್ಬೇಡ.”

ಫಿಲ್ಮು ಹಿಡಿದು ದಾವಣಗೆರೆಗೆ ಹೋದೆವು. ಅಲ್ಲಿನ ಎದೆರೋಗದ ಡಾಕ್ಟರು ಕವರಿನ ಮೇಲಿನ ಆ ಒಂದು ಸಾಲನ್ನು ಎರಡು ಸಲ ಓದಿದರು. ಸ್ಕ್ಯಾನ್, ಕಫ ಪರೀಕ್ಷೆ ಎಲ್ಲ ಆದ ಮೇಲೆ ಸಿಲಿಕೋಸಿಸ್ ಎಂದರು. ಕಲ್ಲಿನ ಧೂಳು ಎದೆಯಲ್ಲಿ ಮಾಡಿದ ಗಾಯ ಮಾಯುವುದಿಲ್ಲ. ಧೂಳನ್ನು ಇವತ್ತೇ ಬಿಡಬೇಕು, ಉಸಿರಿಗೆ ಇನ್‌ಹೇಲರ್ ಪಂಪು ಎಳೆಯಬೇಕು, ಇಂಥ ಎದೆಗೆ ಟಿ.ಬಿ. ಬೇಗ ಹತ್ತುವುದರಿಂದ ಪರೀಕ್ಷೆ ತಪ್ಪಿಸಬಾರದು ಎಂದರು. ತಿಪ್ಪಣ್ಣ ಮಿಲ್ಲು ಬಿಟ್ಟ. ನಾನೂ ಬಿಟ್ಟೆ.

ಸಾರ್ ನನ್ನನ್ನು ಬಿಡಲಿಲ್ಲ. “ನೀನು ಪಾರಾದೆ, ಸರಿ. ನಿನ್ನ ಬೆಲ್ಲ ನಂಬಿದೋರು ಇನ್ನೂ ಒಳಗವ್ರೆ. ಹೋಗಿ ಕರ್ಕೊಂಡು ಬಾ.”

ಮಿಲ್ಲಿನ ಗೇಟಿನಲ್ಲಿ ನಿಂತು, ನಾನು ಹಂಚಿದ ಬೆಲ್ಲದಿಂದ ಧೂಳು ಇಳಿಯುವುದಿಲ್ಲ ಎಂದು ಹೇಳುವುದು ಸುಲಭವಿರಲಿಲ್ಲ. “ಸೂಪರ್‌ವೈಸರಪ್ಪ ಬೆಲ್ಲ ಬಿಟ್ಟು ಭಯ ಹಂಚಕ್ಕೆ ಬಂದವ್ನೆ ಕಣ್ರಲೇ!” ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಆದರೂ ಮುಂದಿನ ಭಾನುವಾರ ಇಬ್ಬರು ಬಂದರು, ಅದರ ಮುಂದಿನ ವಾರ ಐವರು. ಸಾರ್ ತಮ್ಮ ರಜೆ ಬಿಟ್ಟು ಬರುತ್ತಿದ್ದರು. “ಉಸಿರು ಎಳ್ಕೊ... ಹಿಡ್ಕೊ... ಬಿಡು” ಎನ್ನುವಾಗ ಗಾಜಿನ ಕಿಂಡಿಯಿಂದ ಅವರು ನೋಡುತ್ತಿದ್ದದ್ದು ಮುಖವನ್ನು. ಹಿಡಿದ ಉಸಿರು ಯಾರಿಗೆ ನಿಲ್ಲುವುದಿಲ್ಲವೋ ಅವರ ಹೆಗಲ ಮೇಲೆ ಸುಮ್ಮನೆ ಕೈಯಿಟ್ಟು ಹೊರಗೆ ಕರೆತರುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಹೃದಯ ನಿಂತು ಸಾರ್ ಹೋದರು. ತಿಪ್ಪಣ್ಣ ಜೇಬಿನಲ್ಲಿ ಪಂಪು ಇಟ್ಟುಕೊಂಡು ಬಸ್ಸಿನಲ್ಲಿ ಬಂದ. ಚಟ್ಟ ಎತ್ತುವಾಗ ಹೆಗಲು ಕೊಡಲು ಮುಂದೆ ಹೋದ.

“ಬ್ಯಾಡ ತಿಪ್ಪಣ್ಣ” ಎಂದೆ.

“ಹತ್ತು ಹೆಜ್ಜೆ ಆಗ್ತೈತೆ, ಬಿಡಪ್ಪ.”

ಎಂಟನೆಯ ಹೆಜ್ಜೆಗೆ ಅವನ ತುಟಿ ನೀಲಿಯಾಯಿತು. ಅವನನ್ನು ಸರಿಸಿ ನಾನು ಹೆಗಲು ಕೊಟ್ಟೆ. ಸ್ಮಶಾನ ಊರಾಚೆಯ ದಿಬ್ಬದ ಮೇಲೆ. ಬೇರೆಯವರು ಹೆಗಲು ಬದಲಿಸಲು ಬಂದರೂ ಕೊಡದೆ ಏರಿನುದ್ದಕ್ಕೂ ನಡೆದೆ. ಎಲ್ಲೂ ಏದುಸಿರು ಬರಲಿಲ್ಲ.