ಅವನ ಎಡೆಯಲ್ಲಿ ನಾನು ಉಂಡದ್ದು

ಯುದ್ಧದಿಂದ ನಮ್ಮ ಕಡೆ ಲಾಭ ಮಾಡಿಕೊಂಡವರು ಇಬ್ಬರು. ಒಬ್ಬರು ಮುಳಬಾಗಿಲಿನ ಸೀಮೆಎಣ್ಣೆ ಅಂಗಡಿಯವರು, ಇನ್ನೊಬ್ಬ ನಾನು. ಅಂಗಡಿಯವರನ್ನು ಜನ ಬೆನ್ನ ಹಿಂದೆ ಬೈದರು. ನನ್ನನ್ನು ಮಾತ್ರ ಕೂರಿಸಿ ಬಡಿಸಿದರು.

ನಂಗಲಿ ರಸ್ತೆಯ ನಮ್ಮ ಊರಿನಿಂದ ಮುಳಬಾಗಿಲಿನ ಹೈಸ್ಕೂಲಿಗೆ ಹೋಗುತ್ತಿದ್ದವರು ನಾನು ಮತ್ತು ಎದುರು ಮನೆಯ ಗೆಳೆಯ. ಓದು ಮುಗಿದು ಕೆಲಸವಿಲ್ಲದೆ ಅರಳೀಕಟ್ಟೆ ಸವೆಸುತ್ತಿದ್ದಾಗ, ಮಿಲಿಟರಿಗೆ ಸೇರೋಣ ಎಂದವನು ನಾನೇ. ಬೂಟು, ಟೋಪಿ, ಹಡಗು ಎಂದು ಅವನ ತಲೆ ತುಂಬಿದವನೂ ನಾನೇ. ಇಬ್ಬರೂ ಕೋಲಾರಕ್ಕೆ ಹೋಗಿ ಸಾಲಿನಲ್ಲಿ ನಿಂತೆವು. ಎದೆ ಅಳೆಯುವವನು ಹತ್ತಿರವಾಗುತ್ತಿದ್ದಂತೆ ನನಗೆ ವಿಪರೀತ ಬಾಯಾರಿಕೆಯಾಯಿತು. ನೀರು ಕುಡಿದು ಬರುತ್ತೇನೆಂದು ಹೊರಟೆ. ಕೋಲಾರದಲ್ಲಿ ಅಷ್ಟೊಂದು ಬಾವಿಗಳಿದ್ದರೂ ನನ್ನ ಬಾಯಾರಿಕೆ ತೀರಿದ್ದು ಮುಳಬಾಗಿಲಿನ ಬಸ್ಸು ಹತ್ತಿದ ಮೇಲೆ.

ಅವನು ಒಂದೇ ಒಂದು ಸಲ ರಜೆಯಲ್ಲಿ ಬಂದ. ನನ್ನನ್ನು ಕಂಡು ಮೊದಲು ಆಡಿದ ಮಾತು, “ಏನ್ಲಾ, ನೀರು ಸಿಕ್ತಾ?” ಅಷ್ಟೇ. ಬೇರೆ ಬೈಗುಳವಿಲ್ಲ.

ಅವನ ತಾಯಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಗಂಡ ಹೋದ ಮೇಲೆ ಈ ಒಬ್ಬನೇ ಮಗನನ್ನು ಸಾಕಿದವಳು. ರಜೆಯಲ್ಲಿ ಬಂದ ಮಗನಿಗೆ ಮಣೆ ಹಾಕಿ ದಿನವೂ ಅನ್ನ ಬಡಿಸಿದಳು. ರಾಗಿಯ ಊರಿನಲ್ಲಿ ಅನ್ನವೆಂದರೆ ಹಬ್ಬ. ಅವನಿಗೆ ಬೇಕಾಗಿದ್ದದ್ದು ಮುದ್ದೆ ಮಾಡಿದ ಮಡಕೆಯ ತಳದಲ್ಲಿ ಸೀದು ಹತ್ತಿಕೊಳ್ಳುವ ಚಕ್ಕೆ. ಅದನ್ನು ಕೆರೆದು ಹುಚ್ಚೆಳ್ಳಿನ ಪುಡಿ ಹಚ್ಚಿ ತಿನ್ನುವುದು ಚಿಕ್ಕಂದಿನಿಂದ ಅವನ ಚಟ.

“ಥೂ, ಅದು ನಾಯಿಗೆ ಹಾಕೋದು ಕಣೋ. ದೊರೆಗಳ ಜೊತೆ ಉಣ್ಣೋನು ನೀನು,” ಎಂದು ತಾಯಿ ನಕ್ಕಳು.

ಕೆರೆ ಏರಿಯ ಮೇಲೆ ಅವನು ನನಗೆ ಹೇಳಿದ: “ನಮ್ಮಮ್ಮ ನನ್ನ ನೆಂಟನ್ನ ಮಾಡ್ಬಿಟ್ಲು ಕಣ್ಲಾ. ಒಂದು ಚೂರು ಚಕ್ಕೆ ಸಿಗ್ಲಿಲ್ಲ.”

ವಾಪಸು ಹೋದವನು ಬರ್ಮಾದ ಕಡೆ ಸತ್ತ. ಅಮಲ್ದಾರರು ಬಂದು ಇಂಗ್ಲಿಷಿನಲ್ಲಿ ದುಃಖಿಸಿದರು. ದೊಡ್ಡಮ್ಮನಿಗೆ ಕನ್ನಡವೂ ತೆಲುಗೂ ಬರುತ್ತಿತ್ತು, ಪಾಪ, ಆ ಭಾಷೆಯ ದುಃಖ ಬರುತ್ತಿರಲಿಲ್ಲ. ಅವನ ಫೋಟೋ ಚಾವಡಿಯ ಗೋಡೆ ಏರಿತು. ಸ್ವಾತಂತ್ರ್ಯ ಬಂದ ಮೇಲೆ, ಹಾರ ಹಾಕಿದ ಕೈಗಳೇ, ಬಿಳಿಯರ ಪರವಾಗಿ ಸತ್ತವನೆಂದು ಅದನ್ನು ಇಳಿಸಿ ತಾಯಿಗೆ ಒಪ್ಪಿಸಿದವು. ಮೊಳೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮೊಳೆ ಯಾವ ಪಕ್ಷಕ್ಕೂ ಆಗುತ್ತದೆ.

ಪಿತೃಪಕ್ಷದ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಾರೆ. ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರೆ. ಆಮೇಲೆ ಆ ಎಡೆಯನ್ನು ಮನೆಯವರು ಉಣ್ಣುತ್ತಾರೆ. ಅವನು ಸತ್ತ ವರ್ಷ ದೊಡ್ಡಮ್ಮ ನನ್ನನ್ನು ಕರೆದಳು.

“ಮಿಲಿಟರಿನಾಗೆ ಏನು ಉಣ್ತಿದ್ದ ನಾಯ್ನಾ? ನಿನ್ ಹತ್ರ ಹೇಳಿರ್ತಾನೆ.”

“ಕೋಳಿ ಹುರಿದು ಕೊಡ್ತಿದ್ರಂತೆ ದೊಡ್ಡಮ್ಮ. ಅದಂದ್ರೆ ಪ್ರಾಣ ಅವನಿಗೆ,” ಎಂದೆ. ಕೋಳಿ ಎಂದರೆ ಪ್ರಾಣ ಇದ್ದದ್ದು ನನಗೆ.

“ಅವನ ಜೊತೆ ಹೊರಟೋನು ನೀನು. ಅವನ ಎಡೆ ನೀನೇ ಉಣ್ಣು,” ಎಂದಳು.

ಉಂಡೆ. ಮರುವರ್ಷ ಅವನಿಗೆ ಬೇಯಿಸಿದ ಮೊಟ್ಟೆಯೂ ಇಷ್ಟವಿತ್ತೆಂದು ನೆನಪಾಯಿತು. ಅದರ ಮುಂದಿನ ವರ್ಷ ಸಿಗರೇಟು. ಸತ್ತವನ ನಾಲಿಗೆ ವರ್ಷವರ್ಷಕ್ಕೂ ಬೆಳೆಯಿತು. ದೊಡ್ಡಮ್ಮನ ಅಂಗಳದಲ್ಲಿ ಕೋಳಿಗಳು ಕಡಿಮೆಯಾದವು. ಚಕ್ಕೆಯ ವಿಷಯ ಹೇಳಿದರೆ, ಕೇಳಿದರೂ ಕೊಡಲಿಲ್ಲವಲ್ಲ ಎಂದು ಆಕೆಗೆ ನೋವಾದೀತು, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕೋಳಿಯ ತೊಡೆ ಕೈಯಲ್ಲಿರುವಾಗ ಮನುಷ್ಯನಿಗೆ ಇಂಥ ಕರುಣೆ ಬಹಳ ಸುಲಭವಾಗಿ ಬರುತ್ತದೆ.

ಫೋಟೋ ಮನೆಗೆ ಬಂದ ಮೇಲಿನ ಅಮಾವಾಸ್ಯೆಗೆ ಮುಂಚೆ ಆಕೆ ಮತ್ತೆ ಬಂದಳು. “ಕನಸಿನಾಗೆ ಬಂದು ಹಸಿವು ಅಂತಾನಪ್ಪ. ಇಷ್ಟೆಲ್ಲ ಇಟ್ರೂ ಹಸಿವು ಅಂತಾನೆ. ಇನ್ನೇನೋ ಬಿಟ್ಟುಹೋಗೈತೆ. ನೆನಪು ಮಾಡ್ಕೋ.”

ಆಗಲೂ ನಿಜ ಹೇಳಬಹುದಿತ್ತು. “ಡಬ್ಬದ ಮೀನು,” ಎಂದೆ. ಅದರ ರುಚಿ ನೋಡಬೇಕೆಂದು ನನಗೆ ಬಹುದಿನದ ಆಸೆ.

ಮುಳಬಾಗಿಲಿನ ಸಂತೆ ಬಿಟ್ಟು ಆಚೆ ಹೋಗದ ಹೆಂಗಸು, ಬಸ್ಸು ಹಿಡಿದು ಚಿನ್ನದ ಗಣಿಗೆ ಹೋಗಿ, ದೊರೆಗಳ ಅಂಗಡಿ ಎಲ್ಲೆಂದು ಕಂಡಕಂಡವರನ್ನು ಕೇಳಿ, ಸೆರಗಿನಲ್ಲಿ ಡಬ್ಬ ಕಟ್ಟಿಕೊಂಡು ಬಂದಳು. ಅಮಾವಾಸ್ಯೆಯ ದಿನ ನಾನು ಹೋದಾಗ ಫೋಟೋ ಮುಂದಿನ ಎಲೆಯ ಮೇಲೆ ಅದು ಹಾಗೇ ಕೂತಿತ್ತು. ಕುಡುಗೋಲಿನ ಏಟುಗಳು ಬಿದ್ದು ಮೇಲೆಲ್ಲ ಗೀರುಗಳಾಗಿದ್ದವು. ತೆರೆದಿರಲಿಲ್ಲ.

“ಇದನ್ನ ತೆರೆಯೋದು ಹೆಂಗೆ ನಾಯ್ನಾ? ಹಸ್ಕೊಂಡು ಬಂದ ಮಗ ತಗಡು ನೆಕ್ಕಿ ಹೋಗ್ಬೇಕಾ?”

ಆಕೆಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ದೊಡ್ಡಮ್ಮ, ಅವನು ಇದ್ಯಾವುದನ್ನೂ ಕೇಳಿರ್ಲಿಲ್ಲ,” ಎಂದೆ. “ಎಲ್ಲ ನನ್ನ ಬಾಯಿ ಚಪಲ. ಅವನು ಕೇಳಿದ್ದು ಚಕ್ಕೆ.”

ಬೈಯುತ್ತಾಳೆಂದು ಕಾದೆ. ಆಕೆ ಫೋಟೋ ಕಡೆ ತಿರುಗಿ, “ನಾಯಿಗೆ ಹಾಕೋದು ಅಂದೆ ನಾನು,” ಎಂದಳು. ಎದ್ದು ಒಳಗೆ ಹೋದಳು. ಮಡಕೆ ಕೆರೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಎಲೆಯ ಮೇಲಿದ್ದದ್ದನ್ನೆಲ್ಲ ತೆಗೆದು ಚಕ್ಕೆ ಇಟ್ಟಳು, ಹುಚ್ಚೆಳ್ಳಿನ ಪುಡಿ ಉದುರಿಸಿದಳು. ಬಾಗಿಲು ಮುಚ್ಚಿ ಇಬ್ಬರೂ ಜಗಲಿಯಲ್ಲಿ ಕೂತೆವು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆಮೇಲೆ ಬಾಗಿಲು ತೆಗೆದು ನನಗೆ ಮಣೆ ತೋರಿಸಿದಳು.

“ಉಣ್ಣು.”

“ದೊಡ್ಡಮ್ಮ, ನನಗೆ ಇದು ಸೇರಲ್ಲ...”

“ನಿನಗಲ್ಲ ನಾಯ್ನಾ.”

ಎದುರಿಗೆ ಕೂತು, ಕೊನೆಯ ಚೂರು ಮುಗಿಯುವವರೆಗೂ ನೋಡಿದಳು. ಹೊರಡುವಾಗ ಡಬ್ಬವನ್ನು ನನ್ನ ಕೈಗಿಟ್ಟು, “ಇದು ನಿಂದು,” ಎಂದಳು. ಅದನ್ನು ನಾನು ತೆರೆಯಲೇ ಇಲ್ಲ.

ಆಕೆ ಇದ್ದಷ್ಟು ವರ್ಷ ಹೀಗೇ ನಡೆಯಿತು. ಮಗ ಮತ್ತೆ ಕನಸಿಗೆ ಬಂದನೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಈಗ ಎಡೆ ಇಡುವವನೂ ನಾನೇ, ಉಣ್ಣುವವನೂ ನಾನೇ. ಒಳ್ಳೆಯ ಹಿಟ್ಟನ್ನು ಬೇಕೆಂದೇ ಸೀಯಿಸುತ್ತೇನೆಂದು ಸೊಸೆ ಗೊಣಗುತ್ತಾಳೆ. ಹಲ್ಲಿಲ್ಲ, ಬಾಯಲ್ಲಿ ನೆನೆಸಿ ನುಂಗಬೇಕು. ಇವತ್ತಿಗೂ ಅದರ ರುಚಿ ನನಗೆ ಹಿಡಿಸಿಲ್ಲ. ತಿಂದು ಮುಗಿಸುವವರೆಗೆ ನೀರು ಮುಟ್ಟುವುದಿಲ್ಲ.