ಬೆಟ್ಟ ಹತ್ತಿದ್ದಕ್ಕೇ ನಾಲ್ಕು ಗೋಲು

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಫುಟ್‌ಬಾಲ್ ತಂಡದ ಮ್ಯಾನೇಜರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಮನೆಯ ಕುಕ್ಕರ್ ಕೂಗಿದರೆ ನಾನು ಎದ್ದು ಹೋಗಿ ನಮ್ಮ ಸ್ಟವ್ ಸಣ್ಣ ಮಾಡಿದ್ದುಂಟು. ಅವರು ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಆದರೆ ಕಾಲೋನಿಯಲ್ಲಿ ಆ ಕೆಲಸದ ಹೆಸರಿನಿಂದ ಅವರನ್ನು ಯಾರೂ ಕರೆದದ್ದಿಲ್ಲ. ತರಕಾರಿಯವಳಿಗೂ ಅವರು ‘ಮ್ಯಾನೇಜರ್ರು’.

ಅವರನ್ನು ಮ್ಯಾನೇಜರ್ ಮಾಡಿದ್ದು ಯಾರು ಎಂದು ಕೇಳಿದರೆ ಹೇಳುವುದು ಕಷ್ಟ. ಹಿಂದೆ ಯಾವಾಗಲೋ ಬಾಲಿಗೆ ಗಾಳಿ ಹಾಕಿಸಿಕೊಂಡು ಬಂದಿದ್ದರಂತೆ, ಅಲ್ಲಿಂದ ಶುರು. ಪ್ರತಿ ವರ್ಷ ಪಂದ್ಯಗಳೆಲ್ಲ ಮುಗಿದ ಮೇಲೆ ತಂಡದವರು, ತಂಡದ ಹಿಂದೆ ಓಡಾಡುವವರು ಎಲ್ಲ ಒಂದು ಕಡೆ ಸೇರಿ ಮುಂದಿನ ವರ್ಷದ ಮ್ಯಾನೇಜರಿಗಾಗಿ ಕೈ ಎತ್ತುತ್ತಿದ್ದರು. ಕೈ ಯಾವಾಗಲೂ ಅವರಿಗೇ ಏಳುತ್ತಿತ್ತು. ಆಟಗಾರರ ಜರ್ಸಿಗಳನ್ನೆಲ್ಲ ಒಗೆಯುತ್ತಿದ್ದವರು ಅವರ ಹೆಂಡತಿ. ಬೇರೆ ಯಾರ ಹೆಂಡತಿ ಒಗೆದಾಳು? ನಮ್ಮಿಬ್ಬರ ಹಿತ್ತಲಿಗೂ ಒಂದೇ ತಂತಿ. ಆಟ ನಡೆದ ಮಾರನೆಯ ದಿನ ನನ್ನ ಸೀರೆಗೆ ಜಾಗ ಇರುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ವರ್ಷ ನಮ್ಮ ತಂಡ ಬೇಲೂರಿನ ಟೂರ್ನಮೆಂಟಿನಲ್ಲಿ ಫೈನಲ್ ತಲುಪಿತು. ಎದುರಿಗೆ ಅರೇಹಳ್ಳಿ ಕಡೆಯ ಕಾಫಿ ಎಸ್ಟೇಟಿನವರ ತಂಡ. ದೊಡ್ಡ ಪಂದ್ಯ ಇದ್ದಾಗ ಮ್ಯಾನೇಜರು ಹೊಸ ಬಾಲನ್ನು ನಮ್ಮ ಕಡೆಯವರ ತಿರುಪತಿಯಾದ ಮಾಲೇಕಲ್ಲಿನ ಬೆಟ್ಟದ ಮೇಲಕ್ಕೆ ತೆಗೆದುಕೊಂಡು ಹೋಗಿ ವೆಂಕಟರಮಣನ ಮುಂದೆ ಇಡಿಸಿಕೊಂಡು ಬರುತ್ತಿದ್ದರು. ಬಾಲಿನ ಮೇಲೆ ಕುಂಕುಮ ಇಲ್ಲದೆ ನಮ್ಮವರು ಮೈದಾನಕ್ಕೆ ಇಳಿದದ್ದೇ ಇಲ್ಲ. ಯಾವಾಗಲೂ ಹಿಂದಿನ ದಿನ, ಅವರೊಬ್ಬರೇ. ಈ ಸಲ ಫೈನಲ್ ಅಲ್ಲವೇ, ಇಡೀ ತಂಡವೇ ಬರಲಿ ಎಂದರು. ಪಂದ್ಯದ ದಿನವೇ ಬೆಳಿಗ್ಗೆ ಬರಿಗಾಲಿನಲ್ಲಿ ಎಲ್ಲರನ್ನೂ ಮೆಟ್ಟಿಲು ಹತ್ತಿಸಿ, ಇಳಿಸಿ, ಟೆಂಪೋಗೆ ತುಂಬಿದರು. ಹಳೇಬೀಡಿನಲ್ಲಿ ಮರದ ನೆರಳು ನೋಡಿ ನಿಲ್ಲಿಸಿ, ಹೆಂಡತಿ ಕಟ್ಟಿಕೊಟ್ಟಿದ್ದ ಪುಳಿಯೋಗರೆಯನ್ನು ಹೊಟ್ಟೆ ತುಂಬ ಬಡಿಸಿದರು. ಬೇಲೂರಿನಲ್ಲಿ ಮೊದಲರ್ಧ ಹೇಗೋ ಕಳೆಯಿತಂತೆ. ಆಮೇಲೆ ನಮ್ಮ ಹುಡುಗರು ಮಂಡಿಯ ಮೇಲೆ ಕೈಯೂರಿ ನಿಂತುಬಿಟ್ಟರಂತೆ. ನಾಲ್ಕು ಗೋಲು.

ನಮ್ಮ ಮನೆಯವರು ಆ ಪಂದ್ಯಕ್ಕೆಂದೇ ರಜೆ ಹಾಕಿ ಹೋಗಿದ್ದವರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. “ನಿಂತಲ್ಲೇ ತೊಡೆ ನಡುಗ್ತಿತ್ತು ಕಣೇ ಹುಡುಗ್ರಿಗೆ! ಬಾಲ್ ಪಕ್ಕದಲ್ಲೇ ಉರುಳ್ಕೊಂಡು ಹೋದ್ರೂ, ಹೋಗಪ್ಪಾ ಅಂತ ನೋಡ್ತಾ ನಿಂತಿದ್ರು.”

ಆಗ ಊರಿನ ಕೇಬಲ್‌ನವನು ತನ್ನದೇ ಒಂದು ಚಾನೆಲ್ ಇಟ್ಟುಕೊಂಡಿದ್ದ. ಸಂಜೆ ಹೊತ್ತು ಯಾರದೋ ಮದುವೆಯ ಕ್ಯಾಸೆಟ್ಟು, ಕಳೆದುಹೋದ ಎಮ್ಮೆಯ ಪ್ರಕಟಣೆ, ಫೋನ್ ಮಾಡಿ ಕೇಳಿದವರಿಗೆ ಕೇಳಿದ ಹಾಡು. ಅವನು ಮ್ಯಾನೇಜರನ್ನು ಸಂದರ್ಶನಕ್ಕೆ ಕರೆದ. ಅವರು ನಮ್ಮ ಬಾಗಿಲಿಗೆ ಬಂದು, “ಭಾನುವಾರ ಸಂಜೆ ಟಿವಿ ಹಾಕಮ್ಮ, ನಾನು ಬರ್ತೀನಿ” ಎಂದು ಹೇಳಿ ಹೋದರು. ಹೇಳುವಾಗ ತಲೆಗೆ ಆಗಲೇ ಎಣ್ಣೆ ಹಚ್ಚಿದ್ದರು.

ಭಾನುವಾರ ನಮ್ಮ ಮನೆಯ ಹಾಲಿನಲ್ಲಿ ಜನ. ಬಣ್ಣದ ಟಿವಿ ಇದ್ದದ್ದು, ಫೋನ್ ಇದ್ದದ್ದು ಆ ಸಾಲಿನಲ್ಲಿ ನಮ್ಮಲ್ಲಿ ಮಾತ್ರ. ಎಲ್ಲರಿಗಿಂತ ಮುಂದೆ ಬಂದು ಕೂತವನು ಪೇಟೆಯ ಟೈಲರ್. ತಂಡದ ಚಡ್ಡಿ ಹೊಲಿದುಕೊಡುತ್ತಿದ್ದ, ಅದರಿಂದಾಗಿ ತಂಡವೇ ತನ್ನದು ಎಂದುಕೊಂಡಿದ್ದ. ನಾನು ಮಂಡಕ್ಕಿ ಕಲಸಿ ಮೊರದಲ್ಲಿ ತಂದಿಟ್ಟೆ.

ಬೆಳಿಗ್ಗೆಯೇ ರೆಕಾರ್ಡ್ ಮಾಡಿದ್ದ ಕಾರ್ಯಕ್ರಮ ಅದು. ಹಿಂದೆ ನೀಲಿ ಪರದೆ, ಟೀಪಾಯಿಯ ಮೇಲೆ ಪ್ಲಾಸ್ಟಿಕ್ ಹೂವು. ಮ್ಯಾನೇಜರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಕೂತಿದ್ದರು, ಆದರೆ ನಮ್ಮ ಕಡೆ ನೋಡುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದ ಕೇಬಲ್‌ನವನ ಕಡೆಗೂ ನೋಡುತ್ತಿರಲಿಲ್ಲ. ಕತ್ತು ಬಲಕ್ಕೆ ತಿರುಗಿಯೇ ಇತ್ತು. ಆಗಾಗ ಕೈ ಮೇಲೆ ಹೋಗಿ ಕೂದಲು ಒತ್ತಿ ಬರುತ್ತಿತ್ತು.

“ಯಾರ್ನ ನೋಡ್ತಾವ್ರೆ ಇವ್ರು? ಕಿಟಕೀಲಿ ಯಾರಾದ್ರೂ ನಿಂತವ್ರಾ?” ಎಂದ ಟೈಲರ್.

“ಅಲ್ಲೊಂದು ಟಿವಿ ಇಟ್ಟಿರ್ತಾನೆ ಕಣೋ ಅವನು, ಚಿತ್ರ ಸರಿಯಾಗಿ ಬರ್ತಿದ್ಯಾ ಅಂತ ನೋಡ್ಕೊಳ್ಳಕ್ಕೆ” ಎಂದರು ನಮ್ಮ ಮನೆಯವರು. “ತನ್ನ ಮುಖಾನ ತಾನೇ ನೋಡ್ಕೊತಿದ್ದಾರೆ!”

ಅಷ್ಟರಲ್ಲಿ ಕೇಬಲ್‌ನವನು, “ಬೇಲೂರಲ್ಲಿ ಯಾಕೆ ಸೋತ್ರಿ ಸಾರ್?” ಎಂದ.

“ಸೋಲು ಅನ್ನಕ್ಕಾಗಲ್ಲ. ಅವರದು ಗೋಲು ಜಾಸ್ತಿ ಆಯ್ತು” ಎಂದರು ಮ್ಯಾನೇಜರು, ಬಲಗಡೆಗೆ ನೋಡಿಕೊಂಡೇ.

“ಬೆಟ್ಟ ಹತ್ತಿಸಿದ್ದಕ್ಕೇ ಹುಡುಗರ ಕಾಲು ಬಿದ್ದೋಯ್ತು ಅಂತಾರಲ್ಲ ಜನ?”

“ಬೆಟ್ಟ ಹತ್ತಿದ್ದಕ್ಕೇ ನಾಲ್ಕು ಗೋಲಿಗೆ ನಿಂತಿದ್ದು. ಹತ್ತದೇ ಹೋಗಿದ್ರೆ ಎಂಟಾಗ್ತಿತ್ತು.”

ಟೈಲರ್ ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡ. ಗೋಡೆಯ ಆಚೆ ಮ್ಯಾನೇಜರೂ ಅದನ್ನೇ ನೋಡುತ್ತ ಕೂತಿದ್ದಾರೆಂಬುದು ಎಲ್ಲರಿಗೂ ಗೊತ್ತಿತ್ತು. ಅವರ ಟಿವಿಯ ದನಿ, ನಮ್ಮ ಟಿವಿಯ ದನಿ ಎರಡೂ ಕೂಡಿ ಮಾತು ಜೋಡಿಜೋಡಿಯಾಗಿ ಕೇಳುತ್ತಿತ್ತು. “ಮುಂದಿನ್ ವರ್ಷ ದೊಡ್ಡ ತಿರುಪತಿಗೇ ಹತ್ಸಿ ಅನ್ನಿ, ಒಂದ್ ಗೋಲೂ ಆಗಲ್ಲ” ಎಂದು ಟವೆಲಿನೊಳಗಿಂದಲೇ ಹೇಳಿದ. ಕಡೆಗೆ ತಡೆಯಲಾಗದೆ ಎಲ್ಲರೂ ಒಟ್ಟಿಗೆ ಹೋ ಎಂದರು. ಮಂಡಕ್ಕಿ ಅರ್ಧ ನೆಲದ ಮೇಲೆ.

ಕೊನೆಯಲ್ಲಿ ಮ್ಯಾನೇಜರು ಹೇಳಿದ್ದನ್ನು ಆ ಗಲಾಟೆಯಲ್ಲಿ ಕೇಳಿಸಿಕೊಂಡವಳು ನಾನೊಬ್ಬಳೇ ಇರಬೇಕು. “ನಂಗೂ ವಯಸ್ಸಾಯ್ತು. ಈ ವರ್ಷಕ್ಕೆ ಸಾಕು ಅನ್ಕೊಂಡಿದ್ದೀನಿ. ಜನ ಬೇಕು ಅಂದ್ರೆ ಮಾತ್ರ ನೋಡೋಣ.”

ಮಾರನೆಯ ದಿನದಿಂದ ಕಾಲೋನಿಯಲ್ಲಿ ಯಾರೂ ನೆಟ್ಟಗೆ ಮಾತಾಡಲಿಲ್ಲ. ಹಾಲಿನ ಬೂತಿನಲ್ಲಿ ಅರ್ಧ ಲೀಟರ್ ಕೇಳುವವನೂ ಕತ್ತು ಬಲಕ್ಕೆ ತಿರುಗಿಸಿ, ಕೂದಲು ಒತ್ತಿಕೊಂಡು ಕೇಳುತ್ತಿದ್ದ. ಸಾರು ಯಾಕೆ ನೀರಾಗಿದೆ ಎಂದು ಕೇಳುವ ಬದಲು ನಮ್ಮ ಮನೆಯವರು, “ಬೇಳೆ ಹಾಕಿದ್ದಕ್ಕೇ ಇಷ್ಟಕ್ಕೆ ನಿಂತಿದೆ” ಎನ್ನುವರು. ಅಷ್ಟಕ್ಕೂ ಸಾಲದೆ, ಸಂಜೆ ಎಲ್ಲರೂ ನಮ್ಮ ಹಾಲಿನಲ್ಲೇ ಸೇರಿ ಕೇಬಲ್‌ನವನಿಗೆ ಫೋನ್ ಮಾಡಿ, ಆ ಸಂದರ್ಶನವನ್ನು ಇನ್ನೊಂದು ಸಲ ಹಾಕು ಎಂದು ಕೇಳಿದರು. ಒಬ್ಬರಾದ ಮೇಲೆ ಒಬ್ಬರು ಫೋನ್ ಹಿಡಿದರು. ಟೈಲರ್ ಗಂಟಲು ಸಣ್ಣ ಮಾಡಿ ಹೆಂಗಸಿನ ದನಿಯಲ್ಲೂ ಕೇಳಿದ. ಕೇಬಲ್‌ನವನಿಗೆ ಏನು, ಕೇಳಿದ ಹಾಡು ಹಾಕಿದ ಹಾಗೆ ಅದನ್ನೂ ಹಾಕಿದ. ಕೆಳಗೆ ಅಕ್ಷರ ಓಡಿತು: ‘ಫುಟ್‌ಬಾಲ್ ಅಭಿಮಾನಿಗಳ ಕೋರಿಕೆಯ ಮೇರೆಗೆ.’ ಆಮೇಲಿನ ಸಂಜೆಗಳಲ್ಲಿ ಅದೇ ಒಂದು ಪದ್ಧತಿಯಾಗಿ ಹೋಯಿತು. ದೀಪ ಹಚ್ಚಿ ಬರುವ ಹೊತ್ತಿಗೆ ನೀಲಿ ಪರದೆ ಬಂದಿರುತ್ತಿತ್ತು.

ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ರಂಗೋಲಿ ಬಿಡುತ್ತಿದ್ದಾಗ ಮ್ಯಾನೇಜರು ಡ್ಯೂಟಿಗೆ ಹೊರಟವರು ನಿಂತರು. ಮುಖ ಎಣ್ಣೆ ಸುರಿದ ಹಾಗೆ ಹೊಳೆಯುತ್ತಿತ್ತು.

“ನೋಡಿದ್ಯೇನಮ್ಮ? ನಿನ್ನೇನೂ ಹಾಕ್ಸಿದ್ರು.”

“ನೋಡಿದೆ” ಎಂದೆ.

“ಹೆಣ್ಣುಮಕ್ಕಳೂ ಫೋನ್ ಮಾಡ್ತಾರಂತೆ, ಕೇಬಲ್‌ನವನು ಹೇಳ್ದ. ಹಾಡಿಗೂ ಇಷ್ಟು ಕೇಳಿಲ್ವಂತೆ. ನಿಮ್ಮನೇಲೂ ಏನು ಗದ್ದಲ, ಗೋಡೆಯಾಚೆ ಕೇಳ್ತಿರುತ್ತಲ್ಲ, ಎಲ್ರೂ ಖುಷಿಯಾಗಿದ್ರಿ.” ಆಮೇಲೆ ದನಿ ಇಳಿಸಿದರು. “ಬಿಟ್ಬಿಡಾಣ ಅಂತಾನೇ ಇದ್ದೆ. ಈಗ ಜನ ಇಷ್ಟು ಬೇಕು ಅಂತಿರುವಾಗ ಬಿಟ್ರೆ ಕೊಬ್ಬು ಅಂತಾರೆ. ಕೈ ಎತ್ತೋ ದಿವಸ ನಿಂತ್ಕೊತೀನಿ.”

ಅದೇ ಮಧ್ಯಾಹ್ನ ಅವರ ಹೆಂಡತಿ ಹಿತ್ತಲಿನಿಂದ ನನ್ನ ಅಡುಗೆಮನೆಗೆ ಬಂದರು. ನನಗಿಂತ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಹಾಲಿಗೆ ಯಾವತ್ತೂ ಬಂದವರಲ್ಲ. ಅಂದು ನೇರ ಹಾಲಿಗೆ ಹೋಗಿ, ಊಟ ಮಾಡಿ ಅಡ್ಡಾಗಿದ್ದ ನಮ್ಮ ಮನೆಯವರ ಮುಂದೆ ನಿಂತರು.

“ಫೋನ್ ಮಾಡೋದು ನಿಲ್ಸಿ” ಎಂದರು. “ನಂಗೆ ಮೊದಲ್ನೇ ದಿವಸಾನೇ ಗೊತ್ತಾಗಿದೆ. ಅವರಿಗೆ ಹೇಳಿದ್ರೆ ನನ್ನ ಮೇಲೇ ರೇಗ್ತಾರೆ, ನಿಂಗೆ ಆಟದ್ದೇನು ಗೊತ್ತು ಅಂತ. ಕೈ ಎತ್ತೋ ದಿವಸ ನಿಲ್ತೀನಿ ಅಂತ ಕೂತವ್ರೆ. ನೀವೇ ಒಂದು ಮಾತು ಹೇಳ್ಬಿಡಿ, ಈ ಸಲ ಬೇಡ ಅಂತ. ಮರ್ಯಾದೆಯಾಗಿ ಬಿಡ್ತಾರೆ.”

ನಮ್ಮ ಮನೆಯವರು ಎದ್ದು ಕೂತು ಪಂಚೆ ಸರಿ ಮಾಡಿಕೊಂಡರು. ಬಹಳ ವಿನಯದಿಂದ, “ನಾವೇನು ಬೈದ್ವಾ ಅಕ್ಕ? ಅವರು ಆಡಿದ ಮಾತೇ ಅವರಿಗೆ ಕೇಳಿಸ್ತಿದ್ದೀವಿ” ಎಂದರು. “ಜನ ಕೇಳ್ತಾರೆ, ಕೇಬಲ್‌ನವನು ಹಾಕ್ತಾನೆ. ಇದ್ರಲ್ಲಿ ನಂದೇನಿದೆ ಹೇಳಿ?”

“ನಿಮ್ಮ ಮನೆಯಿಂದಾನೇ ತಾನೆ ಕೇಳೋದು?”

“ಫೋನ್ ಇರೋದು ಇಲ್ಲೇ ತಾನೆ?”

ಅಕ್ಕ ಹಿತ್ತಲ ಬಾಗಿಲಿನತ್ತ ತಿರುಗಿದರು. ಅವರು ಹೋದ ಮೇಲೆ ನಾನು, ಹೋಗಿ ಹೇಳಬಾರದೇ ಎಂದೆ. “ಈಗ ಹೇಳಿದ್ರೆ ಸಿನಿಮಾದ ಮಧ್ಯದಲ್ಲಿ ಎದ್ದು ಬಂದ ಹಾಗಾಗುತ್ತೆ” ಎಂದು ಮತ್ತೆ ಮಲಗಿದರು.

ಕೈ ಎತ್ತುವ ಸಭೆ ನಮ್ಮ ಹಾಲಿನಲ್ಲೇ ಆಯಿತು. ತಂಡಕ್ಕೆ ತನ್ನದೆನ್ನುವ ಕೋಣೆ ಇರಲಿಲ್ಲ. ಒಂದು ವರ್ಷ ಒಬ್ಬರ ಮನೆ, ಒಂದು ವರ್ಷ ಇನ್ನೊಬ್ಬರದು, ಸೇರಿದವರಿಗೆ ಆ ಮನೆಯ ಉಪ್ಪಿಟ್ಟು. ನಾನು ಬೆಳಿಗ್ಗೆಯೇ ರವೆ ಹುರಿದಿಟ್ಟುಕೊಂಡಿದ್ದೆ. ಅಡುಗೆಮನೆಯ ಬಾಗಿಲಿನಿಂದ ಹಾಲ್ ಪೂರ್ತಿ ಕಾಣುತ್ತಿತ್ತು. ಆಟಗಾರರು, ಟೈಲರ್, ಸಾಲಿನ ಗಂಡಸರೆಲ್ಲ ಚಾಪೆಯ ಮೇಲೆ ಕೂತಿದ್ದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಅದನ್ನು ನೋಡಿಯೇ ನನಗೆ, ಇವರು ಏನೋ ಮಾತಾಡಿಕೊಂಡು ಬಂದಿದ್ದಾರೆ ಅನ್ನಿಸಿತು. ಮ್ಯಾನೇಜರು ಟಿವಿಯಲ್ಲಿ ತೊಟ್ಟಿದ್ದ ಬಿಳಿ ಅಂಗಿಯನ್ನೇ ತೊಟ್ಟು ಬಂದರು.

ಲೆಕ್ಕಾಚಾರದ ಮಾತೆಲ್ಲ ಮುಗಿದ ಮೇಲೆ ಅವರು ಎದ್ದು ನಿಂತರು. “ನಾನು ಬಿಡೋನಿದ್ದೆ. ಟಿವೀಲೂ ಹಾಗೇ ಹೇಳಿದ್ದೆ. ಆದ್ರೆ ನೀವೆಲ್ಲ ದಿನಾ ಸಂಜೆ ತೋರಿಸ್ತಿರೋ ಪ್ರೀತಿ ನೋಡಿದ ಮೇಲೆ ಹ್ಯಾಗಪ್ಪ ಬಿಡೋದು? ಮುಂದಿನ್ ವರ್ಷಾನೂ ನಾನೇ ಇರ್ತೀನಿ. ಯಾರ್ಯಾರು ಬೇಕು ಅಂತೀರೋ ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಟೈಲರ್ ಒಮ್ಮೆ ಕೆಮ್ಮಿದ. ಚಾಪೆಯ ಮೇಲಿದ್ದವರೆಲ್ಲ ಒಟ್ಟಿಗೆ ಕತ್ತು ಬಲಕ್ಕೆ ತಿರುಗಿಸಿದರು.

ಬಲಗಡೆ ನಮ್ಮ ಟಿವಿ ಇತ್ತು, ಆರಿಸಿದ್ದ ಟಿವಿ. ಎಲ್ಲರೂ ಅದನ್ನೇ ನೋಡುತ್ತ ಅಲ್ಲಾಡದೆ ಕೂತರು. ಮ್ಯಾನೇಜರ ಕೈಯಲ್ಲಿ ಆಡಿ ಬೆಳೆದ ಗೋಲ್‌ಕೀಪರ್ ಹುಡುಗನೂ ಹಾಗೇ ಕೂತಿದ್ದ. ಮ್ಯಾನೇಜರು ಸ್ವಲ್ಪ ಹೊತ್ತು ಎಲ್ಲರನ್ನೂ ನೋಡಿದರು. ಅಲ್ಲಿ ಏನೋ ಇರಬೇಕೆಂದು ತಾವೂ ಅತ್ತ ತಿರುಗಿ ನೋಡಿದರು. ಟಿವಿಯ ಕಪ್ಪು ಗಾಜಿನಲ್ಲಿ ಅವರ ಬಿಳಿ ಅಂಗಿ ಕಾಣುತ್ತಿತ್ತು. ಅಭ್ಯಾಸಬಲವೋ ಏನೋ, ಕೈ ತಾನಾಗಿ ಮೇಲೆ ಹೋಗಿ ಕೂದಲು ಒತ್ತಿತು.

ಆಗ ಎದ್ದ ನಗುವಿಗೆ ಒಲೆಯ ಮೇಲಿಟ್ಟ ಕಾಫಿ ಉಕ್ಕಿದ್ದು ನನಗೆ ಗೊತ್ತಾಗಲಿಲ್ಲ. ಇಬ್ಬರು ಚಾಪೆಯ ಮೇಲೆ ಉರುಳಿಯೇ ಹೋದರು. “ನೋಡ್ಕೊಂಡ್ರು! ನೋಡ್ಕೊಂಡ್ರು!” ಎಂದು ಟೈಲರ್ ತೊಡೆ ಚಚ್ಚಿಕೊಳ್ಳುತ್ತಿದ್ದ. ಯಾರೋ, “ನೀವು ನಿಂತಿದ್ದಕ್ಕೇ ಸೊನ್ನೆ ಸಾರ್, ನಿಲ್ಲದೇ ಹೋಗಿದ್ರೆ ಮೈನಸ್ ಆಗ್ತಿತ್ತು” ಎಂದರು.

ಮ್ಯಾನೇಜರು ಕೂತರು. ನಗು ತಗ್ಗಿದ ಮೇಲೆ ನಮ್ಮ ಮನೆಯವರ ಹೆಸರು ಯಾರೋ ಎತ್ತಿದರು, ಎಲ್ಲರ ಕೈ ಮೇಲೆದ್ದಿತು. ನಾನು ತಟ್ಟೆಗಳನ್ನು ತಂದೆ. ಮ್ಯಾನೇಜರು ಎದ್ದು ಹೋಗುತ್ತಾರೆಂದು ಎಲ್ಲರೂ ಕಾದರು, ಅವರು ಹೋಗಲಿಲ್ಲ. ಉಪ್ಪಿಟ್ಟನ್ನು ಕರಿಬೇವಿನ ಎಲೆ ಬಿಟ್ಟು ಉಳಿದದ್ದೆಲ್ಲ ತಿಂದು, ತಟ್ಟೆ ತಾವೇ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

“ಹೆಂಗಸರು ಫೋನ್ ಮಾಡ್ತಿದ್ದಿದ್ದು…” ಎಂದರು.

ಟೈಲರ್ ಅಲ್ಲೇ ಚಾಪೆಯಿಂದ ಗಂಟಲು ಸಣ್ಣ ಮಾಡಿ, “ಹಲೋ, ಸಾರ್ ಸಂದರ್ಶನ ಹಾಕ್ತೀರಾ?” ಎಂದ. ಮತ್ತೆ ನಗು. ಮ್ಯಾನೇಜರು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಅವರಿವರ ಚಪ್ಪಲಿಗಳ ನಡುವೆ ತಮ್ಮದನ್ನು ಹುಡುಕಿ ಮೆಟ್ಟಿಕೊಂಡು ಹೋದರು.

ಮಾರನೆಯ ದಿನ ಅಕ್ಕ ಜರ್ಸಿಯ ಗಂಟನ್ನು ಹಿತ್ತಲ ಕಟ್ಟೆಯ ಮೇಲೆ ತಂದಿಟ್ಟರು. ಎಲ್ಲ ಒಗೆದು, ಮಡಿಸಿ, ಇಸ್ತ್ರಿ ಹಾಕಿದ್ದವು. “ಗೋಲ್‌ಕೀಪರಿಂದು ಬಣ್ಣ ಬಿಡ್ತದೆ, ಬೇರೆ ನೆನೆಸಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಅಂದು ಸಂಜೆಯೂ ಟೈಲರ್ ಬಂದು ಫೋನ್ ಮಾಡಿದ. ನೀಲಿ ಪರದೆ ಬಂತು, ಪ್ಲಾಸ್ಟಿಕ್ ಹೂವು ಬಂತು, ಮ್ಯಾನೇಜರು ಬಲಕ್ಕೆ ನೋಡುತ್ತ ಮಾತು ಶುರು ಮಾಡಿದರು. ಮಾತು ಒಂಟಿಯಾಗಿ ಕೇಳುತ್ತಿತ್ತು. ಗೋಡೆಯ ಆಚೆ ಟಿವಿ ಹಾಕಿರಲಿಲ್ಲ. ಬೆಟ್ಟದ ಪ್ರಶ್ನೆ ಬಂದರೂ ಯಾರೂ ನಗಲಿಲ್ಲ. ಟೈಲರ್ ಎದ್ದು ಹೋಗಿ ಗೋಡೆಗೆ ಕಿವಿ ಕೊಟ್ಟು ಬಂದು, ಇಲ್ಲ ಎನ್ನುವ ಹಾಗೆ ತಲೆಯಾಡಿಸಿದ.

“ಅವರೇ ನೋಡಲ್ಲ ಅಂದ್ಮೇಲೆ ಇದ್ರಲ್ಲಿ ಮಜಾ ಏನಿದೆ?” ಎಂದು ನಮ್ಮ ಮನೆಯವರು ಚಾನೆಲ್ ಬದಲಾಯಿಸಿದರು.